ವಾಟ್ಸ್‌ಆಪ್‌ನಲ್ಲಿ ಬೈದರೆ ಮಾನನಷ್ಟ ಮೊಕದ್ದಮೆ ಹೂಡಬಹುದೇ?

ಪ್ರಶ್ನೆ: ಪರಿಚಯದವರೊಬ್ಬರು ನನ್ನನ್ನು ‘ಕಳ್ಳ, ಸಂಘದ ದುಡ್ಡು ನುಂಗಿದವನು’ ಎಂದು ವಾಟ್ಸ್‌ಆಪ್‌ನಲ್ಲಿ ಬೈದಿದ್ದಾರೆ. ಕೇಸು ಹಾಕಬಹುದೇ?

ಉತ್ತರ: ಆ ಮೆಸೇಜನ್ನು ನಿಮ್ಮ ಹೊರತು ಇನ್ಯಾರು ಓದಿದ್ದಾರೆ? ಎಲ್ಲವೂ ನಿಂತಿರುವುದು ಇದರ ಮೇಲೆ. ನಿಮ್ಮೊಬ್ಬರ ನಂಬರಿಗೆ ಬಂದದ್ದು ಎಷ್ಟೇ ಕೆಟ್ಟದಾಗಿದ್ದರೂ ಮಾನಹಾನಿ ಆಗದು. ನಿಮ್ಮ ಹೆಸರು ಕೆಡಬೇಕಾದದ್ದು ಮೂರನೆಯವರ ಕಣ್ಣಲ್ಲಿ. ಸಂಘದ ಗ್ರೂಪಿನಲ್ಲೇ ಹಾಕಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅನ್ವಯಿಸುತ್ತದೆ: 2 ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ.

ಖಾಸಗಿಯಾಗಿ ಬೈದವರು ಹಾಗೆಂದು ಪಾರಾಗುವುದಿಲ್ಲ. ಕೆರಳಿಸಿ ಜಗಳಕ್ಕೆಳೆಯುವ ಉದ್ದೇಶವಿದ್ದರೆ ಅದೇ ಸಂಹಿತೆಯ 352, ಬೆದರಿಕೆ ಇದ್ದರೆ 351, ಹೆಣ್ಣಿನ ಮಾನಕ್ಕೆ ಕುಂದು ತರುವಂಥ ಮಾತಾದರೆ 79ನೇ ಕಲಂ. ಆನ್‌ಲೈನಿನಲ್ಲಿ ಕೆಟ್ಟ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ ಐಟಿ ಕಾಯ್ದೆಯ 66ಎ ಹಾಕಿಸಿ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ.

ಮಾನಹಾನಿಗೆ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ. ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕೋರ್ಟಿಗೆ ಹೋಗಿ ಎನ್ನುತ್ತಾರೆ. ಅದು ಪೊಲೀಸರ ಉದಾಸೀನವಲ್ಲ, ಕಾನೂನಿರುವುದೇ ಹಾಗೆ. ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು.

ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯದಲ್ಲಿ. ಸ್ಕ್ರೀನ್‌ಶಾಟಿನ ಪ್ರಿಂಟ್ ಒಂದೇ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಅದರ ‘ಎ’ ಭಾಗವನ್ನು ನೀವು ತುಂಬುತ್ತೀರಿ: ಫೋನಿನ ಕಂಪನಿ, ಮಾಡೆಲ್, ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಫೈಲಿನ ಹ್ಯಾಶ್ ಮೌಲ್ಯ (ಫೈಲನ್ನು ತಿದ್ದಿದರೆ ಬದಲಾಗುವ, ಅದರ ಬೆರಳಚ್ಚಿನಂಥ ಸಂಕೇತ). ‘ಬಿ’ ಭಾಗಕ್ಕೆ ತಜ್ಞರ ಸಹಿ ಬೇಕು. ಆದ್ದರಿಂದ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಗ್ರೂಪಿನಲ್ಲಿ ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ ಅದು ಅಳಿಯುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಕಳಿಸಿದವರ ಬರೀ ಹೆಸರಲ್ಲ, ನಂಬರೇ ಕಾಣುವಂತೆ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಕಾಂಟ್ಯಾಕ್ಟಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದೆಂದು ಎದುರು ವಕೀಲರು ಖಂಡಿತ ಕೇಳುತ್ತಾರೆ. ಮೆಸೇಜ್ ಓದಿದ ಒಬ್ಬಿಬ್ಬರು ಸದಸ್ಯರು ಸಾಕ್ಷಿ ಹೇಳಲು ಒಪ್ಪಿದರೆ ಕೇಸಿಗೆ ನಿಜವಾದ ಬಲ ಬರುತ್ತದೆ.

ಒಂದು ಎಚ್ಚರ: ಆರೋಪ ನಿಜವೆಂದೂ ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೆಂದೂ ಅವರು ರುಜುವಾತು ಮಾಡಿದರೆ ಅದು ಅಪರಾಧವಲ್ಲ. ಹಾಗಾಗಿ ದೂರಿಗೆ ಮೊದಲು ಸಂಘದ ಲೆಕ್ಕಪತ್ರ ಸರಿಯಾಗಿಟ್ಟುಕೊಳ್ಳಿ.

ಕ್ರಿಮಿನಲ್ ದೂರಿಗೆ 3 ವರ್ಷ ಕಾಲಾವಕಾಶವಿದೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಮೆಸೇಜ್ ಹಾಕಿದ ದಿನದಿಂದ ಒಂದೇ ವರ್ಷ. ಲೀಗಲ್ ನೋಟಿಸ್ ಕಳಿಸಿ ಉತ್ತರಕ್ಕೆ ಕಾಯುತ್ತ ಕೂತರೂ ಆ ಗಡುವು ನಿಲ್ಲುವುದಿಲ್ಲ.