ಎಂಟು ರೂಪಾಯಿಗೆ ಕೈತಪ್ಪಿದ ಆರ್ಡರ್

"ಸರ್, ನಮ್ಮ ರೇಟು ಬರೀ ಎಂಟು ರೂಪಾಯಿ ಜಾಸ್ತಿ. ಅಷ್ಟಕ್ಕೇ ಆರ್ಡರ್ ಕೊರಿಯಾಗೆ ಹೋಯ್ತಾ?" ಪೀಣ್ಯದ ಸಪ್ಲೈಯರ್ ಒಬ್ಬರು ಕೇಳಿದ್ದರು. ಕಾರು ಕಂಪನಿಗೆ ಬಿಡಿಭಾಗ ಕೊಳ್ಳುವ ಕೆಲಸದಲ್ಲಿರುವ ನನ್ನನ್ನು ಆ ಪ್ರಶ್ನೆ ಈಗಲೂ ಕಾಡುತ್ತದೆ. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ.

ಲೆಕ್ಕ ನೋಡಿ. ಚೆನ್ನೈ ಬಂದರಿಗೆ ಬರುವಷ್ಟರಲ್ಲಿ 100 ರೂಪಾಯಿ ಬೀಳುವ ಒಂದು ಸೆನ್ಸರ್. ಕಸ್ಟಮ್ಸ್ ಸುಂಕ ಶೇ 15 ಎಂದುಕೊಂಡರೆ 15 ರೂಪಾಯಿ; ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ ಒಂದೂವರೆ ರೂಪಾಯಿ. ಒಟ್ಟು 116.50. ಆಮದಿನ ಮೇಲೆ ಕಟ್ಟುವ ಜಿಎಸ್‌ಟಿಗೆ (ಐಜಿಎಸ್‌ಟಿ) ಕ್ರೆಡಿಟ್ ಸಿಗುತ್ತದೆ, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು; ಸ್ವಲ್ಪ ದಿನ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅಷ್ಟೆ. ಪೀಣ್ಯದ ರೇಟು 108. ಪೀಣ್ಯವೇ ಗೆಲ್ಲಬೇಕಿತ್ತು. ಆದರೆ ದಕ್ಷಿಣ ಕೊರಿಯಾ ಜೊತೆ 2010ರಿಂದ ವ್ಯಾಪಾರ ಒಪ್ಪಂದವಿದೆ. ಆ ಭಾಗ ಸೊನ್ನೆ ಸುಂಕದ ಪಟ್ಟಿಯಲ್ಲಿದ್ದರೆ ಸರ್‌ಚಾರ್ಜೂ ಇಲ್ಲ, 100ಕ್ಕೇ ಬಂದುಬಿಡುತ್ತದೆ.

ಆ ಸೊನ್ನೆ ಸುಮ್ಮನೆ ಸಿಗುವುದಿಲ್ಲ. ಮಾಲು ನಿಜಕ್ಕೂ ಆ ದೇಶದ್ದೇ ಎಂದು ತೋರಿಸಬೇಕು. 2020ರ ಸೆಪ್ಟೆಂಬರ್‌ನಿಂದ ನಿಯಮ ಬಿಗಿಯಾಗಿದೆ: ಮಾಲು ಯಾವ ದೇಶದ್ದು ಎಂದು ಹೇಳುವ ಒರಿಜಿನ್ ಸರ್ಟಿಫಿಕೇಟ್ ಒಂದೇ ಸಾಲದು, ಯಾವ ಭಾಗ ಎಲ್ಲಿಂದ ಬಂತು, ಮೌಲ್ಯ ಎಲ್ಲಿ ಸೇರಿತು ಎಂಬ ವಿವರ ಆಮದು ಮಾಡಿಕೊಳ್ಳುವವರ ಬಳಿಯೇ ಇರಬೇಕು, ಐದು ವರ್ಷ ಕಾಪಾಡಬೇಕು. ಒಮ್ಮೆ ವಿದೇಶಿ ಸಪ್ಲೈಯರ್ ಒಬ್ಬರು "ಕಾಸ್ಟ್ ಶೀಟ್ ಹೊರಗೆ ಕೊಡುವುದಿಲ್ಲ" ಎಂದು ಪಟ್ಟು ಹಿಡಿದರು; ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬ ಆ ಲೆಕ್ಕವಿಲ್ಲದೆ ಸೊನ್ನೆ ಸುಂಕ ಕೇಳುವಂತಿರಲಿಲ್ಲ. ಪೂರ್ತಿ ಸುಂಕ ಕಟ್ಟಿ ಮಾಲು ಬಿಡಿಸಿಕೊಂಡೆವು. ಅಗ್ಗವೆಂದು ತರಿಸಿದ್ದು ಇಲ್ಲಿಯದಕ್ಕಿಂತ ದುಬಾರಿಯಾಯಿತು.

ಮೌಲ್ಯ ಎಲ್ಲಿ ಸೇರಿತು ಎಂಬ ಪ್ರಶ್ನೆ ಈಗ ದೇಶದೊಳಗೂ ಇದೆ. ವಾಹನ ಕ್ಷೇತ್ರಕ್ಕೆ ಕೇಂದ್ರ ಸರ್ಕಾರದ 25,938 ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆ ಆಧಾರಿತ ಪ್ರೋತ್ಸಾಹ) ಯೋಜನೆಯ ಪ್ರೋತ್ಸಾಹಧನ ಬೇಕಾದರೆ ಕನಿಷ್ಠ ಶೇ 50ರಷ್ಟು ಮೌಲ್ಯ ಇಲ್ಲೇ ಸೇರಿರಬೇಕು. ಬೆಂಗಳೂರಿನಲ್ಲೇ ಜೋಡಿಸಿದರೂ ಒಳಗಿನ ಬೇರಿಂಗ್, ಮ್ಯಾಗ್ನೆಟ್ ಹೊರಗಿನದಾದರೆ ಆ ಪಾಲನ್ನು ಕಳೆಯುತ್ತಾರೆ.

ಮ್ಯಾಗ್ನೆಟ್ ಎಂದಾಗ 2025ರ ಏಪ್ರಿಲ್ ನೆನಪಾಗುತ್ತದೆ. ಡಿಸ್ಪ್ರೋಸಿಯಂ, ಟೆರ್ಬಿಯಂ ಸೇರಿ ಏಳು ವಿರಳ ಭೂಲೋಹಗಳಿಗೂ (ರೇರ್ ಅರ್ತ್) ಅವುಗಳಿಂದಾಗುವ ಮ್ಯಾಗ್ನೆಟ್‌ಗಳಿಗೂ ಚೀನಾ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಎಷ್ಟು ದುಡ್ಡು ಕೊಡುತ್ತೇವೆಂದರೂ ಲೈಸೆನ್ಸ್ ಬರುವತನಕ ಮಾಲು ಹೊರಡದು. ಬೇರೆಯವರಿಂದ ಕೊಳ್ಳೋಣವೆಂದರೆ ಸ್ಯಾಂಪಲ್, ಟೆಸ್ಟಿಂಗ್, ಅಪ್ರೂವಲ್ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ.

ಅದಕ್ಕೇ ನಮ್ಮ ಸಣ್ಣ ಕಾರ್ಖಾನೆಯವರಲ್ಲಿ ನನ್ನ ಕೋರಿಕೆ: ಕೊಟೇಶನ್‌ನಲ್ಲಿ ರೇಟಿನ ಪಕ್ಕದಲ್ಲೇ ಸ್ಟೀಲು ಎಲ್ಲಿಯದು, ಬೇರಿಂಗ್ ಎಲ್ಲಿಯದು ಎಂದು ಬರೆದು, ಬಿಲ್ಲಿನ ಪ್ರತಿ ಲಗತ್ತಿಸಿ. ಸುಂಕ ಬದಲಾದ ದಿನ ನಾವು ಮೊದಲು ಹುಡುಕುವುದು ಆ ಹಾಳೆಯನ್ನೇ.