ನಾಲ್ಕು ಇಂಚು ಸ್ಪಂಜು ಹಾಕಿಸಿಕೊಂಡು ಬರುವವರಿಗೆ

ಬೆಂಗಳೂರಿನ ಜಕ್ಕೂರಿನಲ್ಲಿ ಎರಡು ಸೀಟಿನ ಹಗುರ ವಿಮಾನಗಳ ರಿಪೇರಿ ನೋಡಿಕೊಳ್ಳುವ ನನ್ನ ಹತ್ತಿರ ವರ್ಷಕ್ಕೆ ನಾಲ್ಕೈದು ಜನರಾದರೂ ಕಂಕುಳಲ್ಲಿ ಕುಶನ್ ಅವಚಿಕೊಂಡು ಬರುತ್ತಾರೆ. ಜೆ.ಸಿ. ರೋಡಿನಲ್ಲಿ ಕಾರಿನ ಸೀಟು ಹೊಲಿಯುವವರ ಕೈಯಲ್ಲಿ ಮಾಡಿಸಿದ್ದು. ಹೊಲಿಗೆ ಅಚ್ಚುಕಟ್ಟು, ರೆಗ್ಜಿನ್ ಒಳ್ಳೆಯದು, ಒಳಗೆ ನಾಲ್ಕು ಇಂಚಿನ ಮೆತ್ತನೆ ಸ್ಪಂಜು. "ಇದನ್ನ ಹಾಕ್ಬಿಡಿ ಸಾರ್, ಒಂದು ಗಂಟೆಗೇ ಸೊಂಟ ಹಿಡ್ಕೊಳ್ತದೆ" ಅನ್ನುತ್ತಾರೆ. ನಾನು ಹಾಕುವುದಿಲ್ಲ. ಯಾಕೆಂದು ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ದೂರು ಸುಳ್ಳಲ್ಲ. ಇಂಧನ, ಇಬ್ಬರು ಮನುಷ್ಯರು ಎಲ್ಲ ಸೇರಿ 600 ಕಿಲೋ ದಾಟಬಾರದು ಎಂಬ ಮಿತಿಯಲ್ಲಿ ವಿಮಾನ ಕಟ್ಟುವವರು ಸೀಟಿನಲ್ಲೂ ಜಿಪುಣತನ ಮಾಡುತ್ತಾರೆ. ತೆಳು ತಗಡು, ಮೇಲೊಂದು ತೆಳು ಮೆತ್ತೆ, ಅಷ್ಟೆ.

ಆದರೆ ಮೆತ್ತಗಿದ್ದದ್ದೆಲ್ಲ ಸುಖವಲ್ಲ. ಮೆತ್ತನೆ ಸ್ಪಂಜು ಅಂಗಡಿಯಲ್ಲಿ ಎರಡು ನಿಮಿಷ ಕೂತಾಗ ಹಿತ. ಅರ್ಧ ಗಂಟೆಗೆಲ್ಲ ಕೂತಾಗ ಮೈಭಾರ ಹೊರುವ ಎರಡು ಎಲುಬುಗಳ ಕೆಳಗೆ ಅದು ಚಪ್ಪಟೆಯಾಗಿ ಮತ್ತೆ ತಗಡೇ ಒತ್ತುತ್ತದೆ. ಇದು ಬರೀ ನೋವಿನ ಮಾತು. ನನಗೆ ಭಯ ಇರುವುದು ಇನ್ನೊಂದರ ಬಗ್ಗೆ.

ವಿಮಾನ ಧೊಪ್ಪನೆ ನೆಲಕ್ಕೆ ಬಿದ್ದಾಗ ಸೀಟಿನ ತಳ ನಿಲ್ಲತೊಡಗುತ್ತದೆ, ನೀವು ನಿಲ್ಲುವುದಿಲ್ಲ. ಸ್ಪಂಜು ಅಪ್ಪಚ್ಚಿಯಾಗುವ ತನಕ ಇಳಿಯುತ್ತಲೇ ಇರುತ್ತೀರಿ. ಅದು ಪೂರ್ತಿ ಅಮುಕಿಹೋದ ಮೇಲೆ ಉಳಿದ ವೇಗವೆಲ್ಲ ಒಂದೇ ಏಟಿಗೆ ಬೆನ್ನೆಲುಬಿನ ಬುಡಕ್ಕೆ. ಬರಿ ತಗಡಿನ ಮೇಲೆ ಕೂತಿದ್ದರೂ ಇದಕ್ಕಿಂತ ಕಡಿಮೆ ಪೆಟ್ಟಾಗಬಹುದು, ನಂಬಿ. ಬರಿ ತಗಡಾದರೆ ಚಕ್ರದ ಕಾಲು, ಹೊಟ್ಟೆಯ ತಗಡು ಮಡಚಿಕೊಳ್ಳುತ್ತ ವಿಮಾನ ನಿಲ್ಲುವಾಗ ನೀವೂ ಅದರ ಜೊತೆಜೊತೆಗೇ ನಿಲ್ಲುತ್ತೀರಿ. ಇವುಗಳ ಅಣ್ಣಂದಿರಾದ, ಇದಕ್ಕಿಂತ ತುಸು ದೊಡ್ಡ ವಿಮಾನಗಳಿಗೆ ಅಮೆರಿಕದವರು 1988ರಲ್ಲೇ ಸೀಟಿನ ಪರೀಕ್ಷೆ ತಂದು, ಸೊಂಟದ ಬೆನ್ನೆಲುಬಿನ ಮೇಲೆ ಬೀಳುವ ಹೊರೆ 1,500 ಪೌಂಡ್, ಅಂದರೆ ಸುಮಾರು 680 ಕಿಲೋ ಮೀರಬಾರದು ಎಂದರು. ನಮ್ಮ ಹಗುರ ವಿಮಾನಗಳಿಗೆ ಆ ಪರೀಕ್ಷೆಯ ಕಟ್ಟಳೆ ಇಲ್ಲ. ಬೆನ್ನೆಲುಬು ಮಾತ್ರ ಅದೇ.

ಇನ್ನು ಬೆಲ್ಟು. ಕೆಳಗಿನ ಸ್ಪಂಜು ಮೂರು ಇಂಚು ಕುಸಿದರೆ ಬಿಗಿದ ಬೆಲ್ಟು ಆ ಕ್ಷಣವೇ ಸಡಿಲ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದರ ನಂತರ ಹಾರಿದವರಿಗೆ ಗೊತ್ತು, ನೆಲದ ಕಾವು ವಿಮಾನವನ್ನು ಹೇಗೆ ಎತ್ತಿ ಕುಕ್ಕುತ್ತದೆಂದು. ಸಡಿಲ ಬೆಲ್ಟಿನಲ್ಲಿ ತಲೆ ಮೇಲಿನ ಗಾಜಿಗೆ ಬಡಿಯುತ್ತದೆ.

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ನಾನೊಂದು ಗೋಲಿ ಇಟ್ಟುಕೊಂಡಿದ್ದೇನೆ. ಅವರು ತಂದ ಸ್ಪಂಜಿನ ಮೇಲೆ ಮೊಣಕಾಲೆತ್ತರದಿಂದ ಬಿಟ್ಟರೆ ಪುಟಿಯುತ್ತದೆ. ಮೆಮೊರಿ ಫೋಮಿನ ತುಂಡಿನ ಮೇಲೆ ಬಿಟ್ಟರೆ ತೊಪ್ಪೆಂದು ಕೂತುಬಿಡುತ್ತದೆ. ಹೆಬ್ಬೆರಳಲ್ಲಿ ನಿಧಾನ ಒತ್ತಿದರೆ ಒಳಗೆ ಹೋಗುತ್ತದೆ, ಮುಷ್ಟಿಯಲ್ಲಿ ಗುದ್ದಿದರೆ ಗಟ್ಟಿ. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಇದನ್ನು ಕಂಡುಹಿಡಿದದ್ದೇ ವಿಮಾನದ ಸೀಟಿಗೆ. ಹಾಸಿಗೆಯವರು ಎತ್ತಿಕೊಂಡದ್ದು ಆಮೇಲೆ. ಹಾಗೆಂದು ಹಾಸಿಗೆ ಅಂಗಡಿಯಿಂದ ಕತ್ತರಿಸಿ ತರಬೇಡಿ. ಅದು ಬಿಸಿಲಿಗೆ ಮೆತ್ತಗಾಗುತ್ತದೆ, ಬೆಂಕಿಗೆ ಏನಾಗುತ್ತದೋ ಯಾರೂ ಪರೀಕ್ಷಿಸಿರುವುದಿಲ್ಲ. ವಿಮಾನಕ್ಕೆಂದೇ ಮಾಡಿದ, ಗಟ್ಟಿತನದಲ್ಲಿ ದರ್ಜೆಗಳಿರುವ ಫೋಮು ಸಿಗುತ್ತದೆ. ಅದನ್ನೂ ತಯಾರಕರ ಲಿಖಿತ ಒಪ್ಪಿಗೆ ಬಂದ ಮೇಲೇ ನಾನು ಮುಟ್ಟುವುದು.

ಹೋದ ವರ್ಷ ಬಂದ ನಿವೃತ್ತ ರಾಯರೊಬ್ಬರು ಒಪ್ಪಲೇ ಇಲ್ಲ. "ನೀವು ಕೂತು ನೋಡಿ ಮಾತಾಡಿ" ಎಂದರು. ಸರಿ, ನೀವೇ ಕೂತ್ಕೊಳ್ಳಿ ಸಾರ್ ಎಂದು ವಿಮಾನ ನೆಲದ ಮೇಲಿರುವಾಗಲೇ ಅವರ ಕುಶನ್ ಹಾಕಿ ಒಳಗೆ ಕೂರಿಸಿದೆ. ತಲೆಗೂ ಗಾಜಿಗೂ ನಡುವೆ ಎರಡು ಬೆರಳು ಜಾಗ. ಸ್ಟಿಕ್ಕನ್ನು, ಅಂದರೆ ಕಾಲುಗಳ ನಡುವೆ ಇರುವ, ವಿಮಾನದ ಮೂಗು ಎತ್ತುವ ಕೋಲನ್ನು, ಪೂರ್ತಿ ಹಿಂದಕ್ಕೆಳೆಯಿರಿ ಎಂದೆ. ಕುಶನ್ನಿನ ಮೂತಿಗೆ ತಾಗಿ ನಿಂತಿತು. ಇಳಿಯುವಾಗ ಕೊನೆಯ ಆ ಒಂದಿಂಚು ಎಳೆತವೇ ಬೇಕಾಗುವುದು. ರಾಯರು ಏನೂ ಹೇಳಲಿಲ್ಲ, ಇನ್ನೊಮ್ಮೆ ಎಳೆದು ನೋಡಿದರು.

ಕುಶನ್ ತೆಗೆದು ಮತ್ತೆ ಕೂರಿಸಿದಾಗ ಗೊತ್ತಾಯಿತು. ಆರಡಿ ಆಳು, ಮೊಣಕಾಲು ಎದೆಯ ಹತ್ತಿರ, ತೊಡೆ ಸೀಟಿಗೆ ತಾಗುತ್ತಲೇ ಇಲ್ಲ. ಇಡೀ ಮೈಭಾರ ಆ ಎರಡು ಎಲುಬಿನ ಮೇಲೆ. ಅವರಿಗಿಂತ ಮೊದಲು ಆ ವಿಮಾನ ಹಾರಿಸುತ್ತಿದ್ದವರು ಗಿಡ್ಡ, ಬಾಲದ ಚುಕ್ಕಾಣಿ ತಿರುಗಿಸುವ ರಡ್ಡರ್ ಪೆಡಲನ್ನು ಹತ್ತಿರಕ್ಕೆ ಎಳೆದಿಟ್ಟಿದ್ದರು. ಕೈಪಿಡಿ ತೆಗೆದು ಎರಡು ತೂತು ಮುಂದಕ್ಕೆ ಸರಿಸಿದೆ. ಪಿನ್ ಕೂತಿದೆಯೇ ಎಂದು ಎರಡು ಸಲ ನೋಡಿ, ಎರಡೂ ಕಡೆ ಪೂರ್ತಿ ಒದೆಸಿದೆ. ಸೊಂಟದ ಹಿಂದಿನ ಕುಳಿಗೆ ಒಂದು ಟವೆಲ್ ಸುತ್ತಿಟ್ಟೆ, ಸೀಟಿನ ಬೆನ್ನಿಗೆ ಕಟ್ಟಿ. ಕಟ್ಟದೆ ಇಟ್ಟ ಟವೆಲ್ ಪೆಡಲಿನ ಸಂದಿಗೆ ಹೋಗಿ ಸೇರಿಕೊಳ್ಳುತ್ತದೆ. ಮೈಸೂರಿನ ಕಡೆ ಹೋಗಿ ಬಂದವರು ಇಳಿದು ನೆಟ್ಟಗೆ ನಡೆದುಕೊಂಡು ಬಂದರು. ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತದೆ ಎನ್ನಲಾರೆ. ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರನ್ನು ನೋಡಿ, ಆಮೇಲೆ ನನ್ನನ್ನು.

ಬರುವ ಭಾನುವಾರ ರಾಯರ ಜೊತೆ ಅವರ ಮನೆಯವರೂ ಹಾರುತ್ತಾರಂತೆ. ಐದಡಿ ಇದ್ದಾರೆ, ಅವರಿಗೆ ಬೇಕಿರುವುದು ಬೆನ್ನಿನ ಹಿಂದೆ ಗಟ್ಟಿ ಮೆತ್ತೆ. ಅದನ್ನು ಜೆ.ಸಿ. ರೋಡಿಗೆ ಕೊಡಬೇಡಿ ಎಂದು ಫೋನಿನಲ್ಲೇ ಹೇಳಿದ್ದೇನೆ. "ಕೊಟ್ಟಾಗಿದೆ" ಎಂದರು.