ಕಬ್ಬಿಣ ಕರಗಿತು, ಕಾಗದ ಉಳಿಯಿತು

ಅಟ್ಲಾಂಟಿಕ್ ಸಾಗರದ ತಳದಲ್ಲಿ ಒಂದು ಕಡೆ ಬಿಳಿ ಪಿಂಗಾಣಿ ತಟ್ಟೆಗಳು ಸಾಲಾಗಿ ನಿಂತಿವೆ. ತೊಳೆದು ಸ್ಟ್ಯಾಂಡಿಗೆ ಜೋಡಿಸಿಟ್ಟ ಹಾಗೆ, ಒಂದರ ಹಿಂದೊಂದು. ಅರ್ಧ ಕೆಸರಿನೊಳಗೆ, ಅರ್ಧ ಹೊರಗೆ. ಅಲ್ಲಿ ಜೋಡಿಸಿದವರು ಯಾರೂ ಇಲ್ಲ. ಟೈಟಾನಿಕ್ ಮುಳುಗಿದ ರಾತ್ರಿ ಇವು ಮರದ ಪೆಟ್ಟಿಗೆಯೊಂದರಲ್ಲಿ ಇದ್ದವು. ಪೆಟ್ಟಿಗೆ 3,800 ಮೀಟರ್ ಇಳಿದು ಕೆಸರಿನ ಮೇಲೆ ಕೂತಿತು. ಆಮೇಲೆ ಮರ ಕೊರೆಯುವ ಜೀವಿಗಳು ಬಂದು ಅದನ್ನು ಪೂರ್ತಿ ತಿಂದು ಮುಗಿಸಿದವು. ಹುಳು ಅಂತ ಕರೆದರೂ ಅವು ಚಿಪ್ಪಿನ ಬಳಗದವು, ನಮ್ಮ ಕರಾವಳಿಯ ಮರುವಾಯಿಯ ದೂರದ ನೆಂಟರು. ಪಿಂಗಾಣಿ ಅವಕ್ಕೆ ಬೇಕಿರಲಿಲ್ಲ. ಪೆಟ್ಟಿಗೆ ಹೋಯಿತು, ಅದರ ಆಕಾರ ಮಾತ್ರ ತಟ್ಟೆಗಳ ಸಾಲಿನಲ್ಲಿ ಉಳಿಯಿತು.

ಹಡಗು ಹೇಗೆ ಮುಳುಗಿತು ಎನ್ನುವುದಕ್ಕಿಂತ ಆಮೇಲೆ ಏನಾಯಿತು ಎನ್ನುವುದೇ ನನಗೆ ಜಾಸ್ತಿ ಕುತೂಹಲ. ಮುಳುಗುವ ಕಥೆ ಕೆಲವು ಗಂಟೆಗಳದ್ದು. ಆಮೇಲಿನ ಕಥೆ ನೂರು ವರ್ಷದ್ದು, ಇನ್ನೂ ನಡೀತಾ ಇದೆ. ಅದರಲ್ಲಿ ನಾವು ಗಟ್ಟಿ ಅಂದುಕೊಂಡದ್ದು ಕರಗಿ ಹೋಗುತ್ತದೆ, ನಾಜೂಕು ಅಂದುಕೊಂಡದ್ದು ಹೇಗೋ ಉಳಿದುಬಿಡುತ್ತದೆ.

ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನಲ್ಲಿ. ಸಿಕ್ಕಿದ್ದು 1985ರ ಸೆಪ್ಟೆಂಬರ್ 1ರಂದು. ರಾಬರ್ಟ್ ಬಲ್ಲಾರ್ಡ್ ಮತ್ತು ಜಾನ್-ಲೂಯಿ ಮಿಶೆಲ್ ಅವರ ಅಮೆರಿಕ-ಫ್ರಾನ್ಸ್ ತಂಡ ಕ್ಯಾಮೆರಾವನ್ನು ಸಮುದ್ರದ ತಳದ ಹತ್ತಿರ ಎಳೆದುಕೊಂಡು ಹೋಗುತ್ತಿತ್ತು. ಮಧ್ಯರಾತ್ರಿ ಕಳೆದ ಮೇಲೆ ಪರದೆಯಲ್ಲಿ ಒಂದು ದುಂಡನೆಯ ವಸ್ತು ಕಂಡಿತು. ಅದು ಹಡಗಿನ ಬಾಯ್ಲರ್. ಅಷ್ಟು ಆಳದಲ್ಲಿ ಕತ್ತಲೆ, ಕೊರೆಯುವ ಚಳಿ. ಹಾಗಾಗಿ ಹಡಗು ಫ್ರಿಜ್ಜಿನಲ್ಲಿಟ್ಟ ಹಾಗೆ ಇರಬಹುದು ಅಂತ ಅಂದುಕೊಂಡವರು ಬಹಳ ಜನ. ನೋಡಿದರೆ ಹಡಗು ಎರಡು ತುಂಡು, ನಡುವೆ ಸುಮಾರು 600 ಮೀಟರ್ ಅಂತರ. ಡೆಕ್ಕಿನ ಮರ ಬಹುತೇಕ ಹೋಗಿತ್ತು. ಉಕ್ಕಿನಿಂದ ಕೆಂಪು-ಕಂದು ಬಣ್ಣದ ಏನೋ ಒಂದು ಎಲ್ಲ ಕಡೆಯಿಂದ ಜೋತುಬಿದ್ದಿತ್ತು.

ಬಲ್ಲಾರ್ಡ್ ಅದನ್ನು ರಸ್ಟಿಕಲ್ ಎಂದು ಕರೆದರು. ನಾನಾದರೆ ತುಕ್ಕಿನ ಬಿಳಲು ಅನ್ನುತ್ತೇನೆ. ಆಲದ ಮರದ ಬಿಳಲು ಇಳಿಯುವುದಿಲ್ವಾ, ಥೇಟ್ ಹಾಗೇ ಕಾಣುತ್ತದೆ. ಆದರೆ ಮುಟ್ಟಿದರೆ ಪುಡಿ ಪುಡಿ. ಕುಂದಾಪುರದಲ್ಲಿ ನಮ್ಮ ಮನೆಯ ಗೇಟಿಗೆ ಎರಡು ವರ್ಷಕ್ಕೊಮ್ಮೆ ಬಣ್ಣ ಹೊಡೆಯದಿದ್ದರೆ ಕೆಳಗಿನ ಸರಳುಗಳು ಪದರ ಪದರವಾಗಿ ಏಳುತ್ತವೆ. ಉಗುರಿನಿಂದ ಕೆರೆದರೆ ಚಕ್ಕೆ ಕೈಗೆ ಬರುತ್ತದೆ. ಅದು ಉಪ್ಪು ಗಾಳಿ, ನೀರು, ಆಮ್ಲಜನಕ ಮೂರೂ ಸೇರಿ ಮಾಡುವ ಕೆಲಸ. ಟೈಟಾನಿಕ್‌ನಲ್ಲಿ ನಾಲ್ಕನೆಯವರೂ ಇದ್ದಾರೆ: ಬ್ಯಾಕ್ಟೀರಿಯಾ. ಒಂದು ಬಿಳಲಿನೊಳಗೆ ಹಲವು ಜಾತಿಯವು ಒಟ್ಟಿಗೆ ಸಂಸಾರ ಹೂಡಿರುತ್ತವೆ. ಕೆಲವಕ್ಕೆ ಆಮ್ಲಜನಕ ಬೇಕು, ಕೆಲವಕ್ಕೆ ಬೇಡ. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಊಟ. 2010ರಲ್ಲಿ ವಿಜ್ಞಾನಿಗಳು ಈ ಬಿಳಲುಗಳಲ್ಲಿ ಅದುವರೆಗೆ ಗೊತ್ತಿಲ್ಲದ ಒಂದು ಬ್ಯಾಕ್ಟೀರಿಯಾ ಗುರುತಿಸಿದರು. ಅದಕ್ಕಿಟ್ಟ ಹೆಸರು ಹ್ಯಾಲೊಮೊನಾಸ್ ಟೈಟಾನಿಕೇ. ಊಟದ ಹೆಸರನ್ನೇ ಉಣ್ಣುವವರಿಗೆ ಇಟ್ಟಂತಾಯಿತು.

ಇನ್ನೊಂದು ವಿಷಯ. ಆಳ ಅಂದರೆ ಆಮ್ಲಜನಕ ಇಲ್ಲ ಅಂತ ಅಂದುಕೊಳ್ಳುವುದು ತಪ್ಪು. ಉತ್ತರ ಅಟ್ಲಾಂಟಿಕ್‌ನಲ್ಲಿ ಧ್ರುವದ ಕಡೆ ಮೇಲ್ಭಾಗದ ನೀರು ತಣ್ಣಗಾಗಿ, ಭಾರವಾಗಿ, ಕೆಳಗಿಳಿಯುತ್ತದೆ. ಇಳಿಯುವಾಗ ತನ್ನ ಜೊತೆ ಆಮ್ಲಜನಕವನ್ನೂ ಒಯ್ಯುತ್ತದೆ. ಹಾಗಾಗಿ ಟೈಟಾನಿಕ್ ಮಲಗಿರುವ ಕತ್ತಲಲ್ಲಿ ತುಕ್ಕಿಗೂ ಜೀವಿಗಳಿಗೂ ಬೇಕಾದ್ದೆಲ್ಲ ಇದೆ. 2022ರ ಚಿತ್ರಗಳಲ್ಲಿ ಹಡಗಿನ ಮೂತಿಯ, ಅಂದರೆ ಮುಂತುದಿಯ ಕಟಕಟೆ ನಿಂತೇ ಇತ್ತು. 2024ರ ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಅದರ ಎಡಬದಿಯ ಸುಮಾರು ನಾಲ್ಕೂವರೆ ಮೀಟರ್ ಭಾಗ ಕಳಚಿ ಕೆಳಗೆ ಬಿದ್ದಿರುವುದು ಕಾಣಿಸಿತು. ಅದೇ ಪ್ರವಾಸದಲ್ಲಿ, 1986ರಲ್ಲಿ ಒಮ್ಮೆ ಕಂಡು ಆಮೇಲೆ ಕಾಣದಾಗಿದ್ದ ಡಯಾನಾ ದೇವತೆಯ ಮೂರ್ತಿಯೂ ಸಿಕ್ಕಿತು. ಎರಡು ಅಡಿ ಎತ್ತರದ ಕಂಚಿನ ಮೂರ್ತಿ, ಕೆಸರಿನಲ್ಲಿ ಕೈ ಚಾಚಿಕೊಂಡು ಬಿದ್ದಿತ್ತು. ಕಂಚಿನಲ್ಲಿ ತಾಮ್ರ ಇರುತ್ತದೆ, ತಾಮ್ರ ಈ ಪುಟ್ಟ ಜೀವಿಗಳಿಗೆ ವಿಷ.

ಇನ್ನು ಚಪ್ಪಲಿ, ಬೂಟುಗಳು. ಟೈಟಾನಿಕ್ ಸುತ್ತಲಿನ ಕೆಸರಿನಲ್ಲಿ ಬೂಟುಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಕೆಲವು ಜೋಡಿ ಪೆಟ್ಟಿಗೆಯಿಂದ ಬಿದ್ದವಿರಬಹುದು. ಪಕ್ಕಪಕ್ಕದಲ್ಲೇ ಇರುವ ಜೋಡಿ ನೋಡಿದರೆ ಮಾತ್ರ ಅಲ್ಲಿ ಒಬ್ಬರು ಮಲಗಿದ್ದರು ಅನಿಸುತ್ತದೆ. ದೇಹವನ್ನು ಸಮುದ್ರಜೀವಿಗಳು ತಿಂದವು, ಸರಿ. ಎಲುಬು? ಅಷ್ಟು ಆಳದ ನೀರಿನಲ್ಲಿ ಕ್ಯಾಲ್ಸಿಯಂ ಲವಣಗಳು ಸುಲಭವಾಗಿ ಕರಗುತ್ತವೆ. ಎಲುಬನ್ನು ನೀರೇ ಕರಗಿಸಿಕೊಂಡಿತು. ತೊಗಲು ಉಳಿದದ್ದು ಟ್ಯಾನಿನ್‌ನಿಂದ. ಹದ ಮಾಡುವಾಗ ಮರದ ತೊಗಟೆಯಿಂದ ಬರುವ ಒಗರು ಪದಾರ್ಥ ಅದು. ನಮ್ಮಲ್ಲಿ ತಂಗಡಿ ತೊಗಟೆ ಹಾಕಿ ಚರ್ಮ ಹದ ಮಾಡುತ್ತಿದ್ದರು. ಅಡಿಕೆ ಬೇಯಿಸಿದ ಚೊಗರು ಕೈಗಂಟಿದರೆ ವಾರಗಟ್ಟಲೆ ಹೋಗುವುದಿಲ್ಲ, ನಾಲಿಗೆಗೆ ತಾಗಿದರೆ ಬಾಯೆಲ್ಲ ಬಿಗಿಯುತ್ತದೆ. ಆ ಬಿಗಿಯುವ ಗುಣವೇ ಇದು. ಅದು ಚರ್ಮದ ಪ್ರೋಟೀನನ್ನು ಹಿಡಿದು ಕಟ್ಟಿಬಿಡುತ್ತದೆ. ಬ್ಯಾಕ್ಟೀರಿಯಾ ಬಂದು ಮೂಸಿ ನೋಡಿ ಬಿಟ್ಟು ಹೋಗುತ್ತದೆ.

ಅಲ್ಲಿ ನೀರಿನ ಒತ್ತಡ ಎಷ್ಟು ಅಂದರೆ ಒಂದು ಉಗುರಿನಷ್ಟು ಜಾಗದ ಮೇಲೆ ಹತ್ತಿರ ಹತ್ತಿರ 400 ಕಿಲೋ. ಹಾಗಿದ್ದರೂ ತೆಳು ಗಾಜಿನ ಸೀಸೆಗಳು ಒಡೆದಿಲ್ಲ. ಅಡಾಲ್ಫ್ ಸಾಲ್ಫೆಲ್ಡ್ ಎಂಬ ಸುಗಂಧ ತಯಾರಕ ಮ್ಯಾಂಚೆಸ್ಟರಿನಿಂದ ಸ್ಯಾಂಪಲ್ ಸೀಸೆಗಳ ಚೀಲ ಹಿಡಿದುಕೊಂಡು ಅಮೆರಿಕಕ್ಕೆ ಹೊರಟಿದ್ದ. ಅವನು ಬದುಕಿದ, ಚೀಲ ಮುಳುಗಿತು. 2000ನೇ ಇಸವಿಯಲ್ಲಿ ಅದನ್ನು ಮೇಲೆ ತಂದಾಗ ಸೀಸೆಗಳಲ್ಲಿ ಪರಿಮಳ ಇನ್ನೂ ಇತ್ತು. ಕಾರಣ ಸರಳ. ದ್ರವ ತುಂಬಿದ ಸೀಸೆಯನ್ನು ಹೊರಗಿನ ನೀರು ಒತ್ತಿದಷ್ಟೇ ಒಳಗಿನ ದ್ರವ ತಿರುಗಿ ಒತ್ತುತ್ತದೆ. ಒತ್ತಡಕ್ಕೆ ಬಲಿಯಾಗುವುದು ಒಳಗೆ ಗಾಳಿ ಇರುವ ವಸ್ತು. ಟೈಟಾನಿಕ್‌ನ ಮುಂಭಾಗ ಮೆಲ್ಲಗೆ ನೀರು ತುಂಬಿಕೊಂಡು ಇಳಿಯಿತು, ಅದಕ್ಕೇ ಇವತ್ತಿಗೂ ಹಡಗಿನ ಆಕಾರದಲ್ಲಿದೆ. ಹಿಂಭಾಗದಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಅದು ಇಳಿಯುತ್ತಾ ಒಳಕ್ಕೆ ಕುಸಿದು, ತಿರುಚಿ, ಗುಜರಿ ರಾಶಿಯಾಗಿ ತಳ ಸೇರಿತು. 2023ರಲ್ಲಿ ಟೈಟಾನಿಕ್ ನೋಡಲು ಐದು ಜನರನ್ನು ಕರೆದೊಯ್ದ ಟೈಟಾನ್ ಎಂಬ ಮುಳುಗುನೌಕೆ ನುಚ್ಚುನೂರಾದದ್ದೂ ಅದರೊಳಗೆ ಗಾಳಿ ಇದ್ದದ್ದರಿಂದಲೇ. ಜನ ಇದ್ದ ಮೇಲೆ ಗಾಳಿ ಇರಲೇಬೇಕಲ್ವಾ.

ಟೈಟಾನಿಕ್‌ನ ತಂಗಿ ಬ್ರಿಟಾನಿಕ್ ಕಥೆ ಬೇರೆಯೇ. ಅದು ಟೈಟಾನಿಕ್‌ಗಿಂತ ಸ್ವಲ್ಪ ದೊಡ್ಡದು, ಆದರೆ ಟಿಕೆಟ್ ಕೊಂಡ ಒಬ್ಬ ಪ್ರಯಾಣಿಕನನ್ನೂ ಒಯ್ಯಲಿಲ್ಲ. ಮೊದಲ ಮಹಾಯುದ್ಧ ಬಂದು ಆಸ್ಪತ್ರೆ ಹಡಗಾಯಿತು. 1916ರ ನವೆಂಬರ್ 21ರಂದು ಗ್ರೀಸಿನ ಕಿಯಾ ದ್ವೀಪದ ಹತ್ತಿರ ಜರ್ಮನ್ ಸಬ್‌ಮರೀನ್ ಇಟ್ಟುಹೋಗಿದ್ದ ಮೈನ್ ತಾಗಿ 55 ನಿಮಿಷದಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನರಲ್ಲಿ 30 ಮಂದಿ ಸತ್ತರು. ಅಲ್ಲಿನ ಆಳ ಸುಮಾರು 120 ಮೀಟರ್. ಹಡಗಿನ ಉದ್ದ ಅದರ ಎರಡು ಪಟ್ಟು. ಲೆಕ್ಕ ಹಾಕಿ ನೋಡಿ: ಮೂತಿ ನೆಲಕ್ಕೆ ತಾಗಿದಾಗ ಬಾಲ ಇನ್ನೂ ನೀರಿನ ಮೇಲಿತ್ತು.

1975ರಲ್ಲಿ ಫ್ರಾನ್ಸಿನ ಸಮುದ್ರಶೋಧಕ ಜಾಕ್ ಕುಸ್ತೋ ಅದನ್ನು ಪತ್ತೆ ಮಾಡಿದರು. ಬಲ ಮಗ್ಗುಲಿಗೆ ಮಲಗಿರುವ ಆ ಹಡಗು ಇವತ್ತಿಗೂ ಬಹುತೇಕ ಇಡಿಯಾಗಿದೆ. ಕಡಿಮೆ ಆಳ, ಬೆಚ್ಚಗಿನ ನೀರು. ಬೇಗ ಹಾಳಾಗಬೇಕಿತ್ತು ತಾನೆ? ಅಲ್ಲಿ ಉಕ್ಕಿನ ಮೇಲೆ ಹವಳ, ಸ್ಪಂಜು, ಚಿಪ್ಪು ಬೆಳೆದು ದಪ್ಪನೆಯ ಹೊದಿಕೆ ಆಗಿಬಿಟ್ಟಿದೆ. ನಮ್ಮ ಗೇಟಿಗೆ ನಾವು ಹೊಡೆಯುವ ಬಣ್ಣದ ಕೆಲಸವನ್ನು ಅವು ಮಾಡುತ್ತಿವೆ, ಅದೂ ಪುಕ್ಕಟೆ. 2025ರಲ್ಲಿ ಗ್ರೀಸಿನವರು ಮುಳುಗುಗಾರರನ್ನು ಕಳಿಸಿ ಹಡಗಿನ ಗಂಟೆ, ಎಡಬದಿಯ ದೀಪ, ಒಂದು ಬೈನಾಕುಲರ್, ಸ್ನಾನಗೃಹದ ಟೈಲ್ಸು ಮೇಲೆ ತರಿಸಿದರು.

ಲೂಸಿಟಾನಿಯಾಗೆ ಆ ಅದೃಷ್ಟ ಇರಲಿಲ್ಲ. 1915ರ ಮೇ 7ರಂದು ಐರ್ಲೆಂಡಿನ ದಕ್ಷಿಣ ತೀರದಾಚೆ ಟಾರ್ಪಿಡೊ ಬಡಿದು 18 ನಿಮಿಷದಲ್ಲಿ ಮುಳುಗಿದ ಹಡಗು ಅದು. ಸುಮಾರು 1,200 ಜನ ಸತ್ತರು. ಆಳ ಬರೀ 90 ಮೀಟರ್ ಚಿಲ್ಲರೆ. ನೀರಿನ ಸೆಳೆತ ಜೋರು, ಮೀನು ಬಲೆಗಳು ಸಿಕ್ಕಿಕೊಳ್ಳುತ್ತವೆ. ಒಂದು ಕಾಲದ ಮಹಡಿಗಳೆಲ್ಲ ಒಂದರ ಮೇಲೊಂದು ಕುಸಿದು ಚಪ್ಪಟೆಯಾಗಿವೆ. 1982ರಲ್ಲಿ ಅದರ ಕಂಚಿನ ಪ್ರೊಪೆಲ್ಲರ್‌ಗಳನ್ನು ಮೇಲೆತ್ತಿದರು. ಒಂದು ಲಿವರ್‌ಪೂಲ್ ಬಂದರಿನಲ್ಲಿ ಪ್ರದರ್ಶನಕ್ಕಿದೆ. ಇನ್ನೊಂದನ್ನು ಕರಗಿಸಿ ಗಾಲ್ಫ್ ಆಡುವ ಕೋಲು ಮಾಡಿ ಮಾರಿದರು. ಅಷ್ಟು ಜನ ಸತ್ತ ಹಡಗಿನ ಲೋಹದಲ್ಲಿ ಗಾಲ್ಫ್! ಬ್ಯಾಕ್ಟೀರಿಯಾವೇ ವಾಸಿ ಅನಿಸಿತು ನನಗೆ.

ಮನುಷ್ಯರ ಕೈ ಬಿದ್ದರೆ ಹೀಗೇ. ಲಂಡನ್ನಿನಿಂದ ಬೊಂಬಾಯಿಗೆ ಹೊರಟಿದ್ದ ಪಿ ಅಂಡ್ ಒ ಕಂಪನಿಯ ಈಜಿಪ್ಟ್ ಹಡಗು 1922ರ ಮೇ 20ರಂದು ಫ್ರಾನ್ಸಿನ ತೀರದ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗು ಬಂದು ಡಿಕ್ಕಿ ಹೊಡೆದದ್ದರಿಂದ ಮುಳುಗಿತು. ಒಳಗೆ ರಾಶಿ ಚಿನ್ನ, ಬೆಳ್ಳಿ ಇತ್ತು. ಮುಳುಗುಗಾರರು ಆಗ ಇಳಿಯಲಾಗದಷ್ಟು ಆಳ. ಇಟಲಿಯ ತಂಡವೊಂದು ಗಾಜಿನ ಕಿಂಡಿಗಳಿರುವ ಉಕ್ಕಿನ ಕೊಳವೆಯಲ್ಲಿ ಒಬ್ಬನನ್ನು ಕೂರಿಸಿ ಇಳಿಬಿಟ್ಟಿತು. ಅವನು ಫೋನಿನಲ್ಲಿ ಹೇಳಿದ ಕಡೆ ಮೇಲಿನವರು ಸಿಡಿಮದ್ದು ಇಳಿಸಿ ಮಹಡಿ ಮಹಡಿಯಾಗಿ ಸಿಡಿಸಿದರು. 1932ರಲ್ಲಿ ಚಿನ್ನ ಮೇಲೆ ಬಂತು. ಹಡಗು ತೆಗೆದ ಡಬ್ಬಿಯಂತಾಯಿತು.

ಈಗ ನಮ್ಮ ಹೆಸರಿನ ಹಡಗಿಗೆ ಬರೋಣ. ಅದು ಪ್ರಯಾಣಿಕರ ಹಡಗಲ್ಲ, ಸರಕು ಹಡಗು. ಆದರೂ ಇಲ್ಲಿ ಬಿಡಲು ಮನಸ್ಸಿಲ್ಲ. ಜೋಗವನ್ನು ಬ್ರಿಟಿಷರು ಗೇರುಸೊಪ್ಪೆ ಜಲಪಾತ ಎನ್ನುತ್ತಿದ್ದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಡಗೊಂದಕ್ಕೆ ಅದೇ ಹೆಸರನ್ನು ಬಾಯಿಗೆ ಬಂದ ಹಾಗೆ ತಿರುಚಿ ‘ಗೈರ್‌ಸೊಪ್ಪಾ’ ಎಂದು ಇಟ್ಟಿತು. 1940ರ ಡಿಸೆಂಬರಿನಲ್ಲಿ ಅದು ಕಲ್ಕತ್ತೆಯಿಂದ ಕಬ್ಬಿಣ, ಚಹಾ, ಬೆಳ್ಳಿ ಗಟ್ಟಿಗಳು ಮತ್ತು ಅಂಚೆ ಚೀಲಗಳನ್ನು ಹೇರಿಕೊಂಡು ಇಂಗ್ಲೆಂಡಿಗೆ ಹೊರಟಿತು. ಕೆಟ್ಟ ಹವೆಯಲ್ಲಿ ಕಲ್ಲಿದ್ದಲು ಸಾಲದೆ ಜೊತೆಯ ಹಡಗುಗಳಿಂದ ಹಿಂದೆ ಬಿತ್ತು. 1941ರ ಫೆಬ್ರುವರಿ 17ರಂದು ಐರ್ಲೆಂಡಿನ ನೈಋತ್ಯಕ್ಕೆ ಜರ್ಮನ್ ಸಬ್‌ಮರೀನ್‌ನ ಟಾರ್ಪಿಡೊ ಬಡಿಯಿತು. ಸಿಬ್ಬಂದಿಯಲ್ಲಿ ಬಹುಪಾಲು ಲಸ್ಕರರು, ಅಂದರೆ ಭಾರತದ ಕಡೆಯ ನಾವಿಕರು. ಬದುಕಿ ದಡ ಸೇರಿದ್ದು ಎರಡನೇ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬರೇ, ತೆರೆದ ದೋಣಿಯಲ್ಲಿ ಹತ್ತಿರ ಎರಡು ವಾರ ಕಳೆದ ಮೇಲೆ.

ಹಡಗು ಬಿದ್ದದ್ದು 4,700 ಮೀಟರ್ ಆಳದಲ್ಲಿ, ಟೈಟಾನಿಕ್‌ಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗೆ. 2011ರಲ್ಲಿ ಅಮೆರಿಕದ ಒಡಿಸ್ಸಿ ಕಂಪನಿ ಅದನ್ನು ಪತ್ತೆ ಮಾಡಿತು. ಮುಂದಿನ ಎರಡು ವರ್ಷದಲ್ಲಿ ರೋಬೋಟ್ ಇಳಿಸಿ 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿತು. ಸುಮಾರು 100 ಟನ್. ಸುದ್ದಿಯಾದದ್ದು ಬೆಳ್ಳಿಯೇ. ಬೆಳ್ಳಿ ಉಳಿಯುವುದರಲ್ಲಿ ಆಶ್ಚರ್ಯ ಏನಿದೆ?

ಬೆಳ್ಳಿ ಹುಡುಕುವಾಗ ಸರಕಿನ ರಾಶಿಯಡಿಯಲ್ಲಿ ಕಾಗದಗಳು ಸಿಕ್ಕವು. ಒಂದೆರಡಲ್ಲ, 700ಕ್ಕೂ ಹೆಚ್ಚು ಪತ್ರಗಳು. ಉಕ್ಕಿನ ಹಡಗು ತುಕ್ಕು ಹಿಡಿದು ಬಾಯಿಬಿಟ್ಟಿದೆ, ಅದರೊಳಗಿನ ಲಕೋಟೆ ಚೆನ್ನಾಗಿದೆ! ಇದು ಮಾವಿನ ಮಿಡಿಯ ಭರಣಿಯ ಲೆಕ್ಕ. ಮಿಡಿ ಉಪ್ಪುನೀರಿನ ಅಡಿಯಲ್ಲೇ ಇರಲಿ ಅಂತ ಅಜ್ಜಿ ಮೇಲೆ ಕಲ್ಲು ಹೇರಿಡುತ್ತಿದ್ದರು. ಮೇಲೆ ತೇಲಿ ಗಾಳಿ ತಾಗಿದ ಮಿಡಿಗೆ ಬೂಸ್ಟು. ಅಡಿಯಲ್ಲಿ ಬಿಗಿಯಾಗಿ ಕೂತದ್ದು ವರ್ಷವಾದರೂ ಕುರುಂ ಅನ್ನುತ್ತದೆ. ಅಂಚೆ ಚೀಲಗಳ ಮೇಲೆ ಸರಕಿನ ಹೇರು ಬಿದ್ದಿತ್ತು. ಅದರಡಿಗೆ ಹೊಸ ನೀರು ನುಗ್ಗಲಿಲ್ಲ. ಇದ್ದ ಚೂರುಪಾರು ಆಮ್ಲಜನಕ ಖಾಲಿಯಾದ ಮೇಲೆ ಮತ್ತೆ ಬರಲಿಲ್ಲ. ಬೆಳಕಿಲ್ಲ, ಚಳಿ ಬೇರೆ. ಕಾಗದ ತಿನ್ನುವವರು ಅಲ್ಲಿ ಬದುಕಲಾಗಲಿಲ್ಲ.

ಒದ್ದೆ ಮುದ್ದೆಯಾಗಿ ಬಂದ ಆ ಪತ್ರಗಳನ್ನು ತಜ್ಞರು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಭಾರತದಲ್ಲಿದ್ದ ಸೈನಿಕರು ಮನೆಗೆ ಬರೆದವು, ವ್ಯಾಪಾರದವು, ಹೀಗೆ ಎಲ್ಲ ಬಗೆಯವು ಅದರಲ್ಲಿವೆ. 2018ರಲ್ಲಿ ಲಂಡನ್ನಿನ ಪೋಸ್ಟಲ್ ಮ್ಯೂಸಿಯಂನಲ್ಲಿ ಕೆಲವನ್ನು ಪ್ರದರ್ಶನಕ್ಕಿಟ್ಟರು. ಕೈಬರಹ ಓದಲು ಬರುತ್ತದೆ. ಅಂಚೆ ಇಂಗ್ಲೆಂಡಿಗೆ ಮುಟ್ಟಿತು, ಎಪ್ಪತ್ತು ವರ್ಷ ತಡವಾಗಿ. ಗೇರುಸೊಪ್ಪೆಯ ಹೆಸರಿನ ಹಡಗು ಅಲ್ಲೇ ಇದೆ, ಬೆಳ್ಳಿ ತೆಗೆದ ಕೋಣೆ ಖಾಲಿ, ಗೋಡೆಗಳಿಂದ ಬಿಳಲು ಇಳಿಯುತ್ತಿದೆ.